ಒಳಗಡಲಿನ ಪೈನ್ ಮರ

ಪರದೇಶಕ್ಕೆ ಹೋಗಿ ಬಂದವನನ್ನು ಮಧುಗಿರಿಯಲ್ಲಿ ಮೊದಲು ಕೇಳುವುದು, ಅಲ್ಲಿ ಮುದ್ದೆ ಸಿಕ್ಕುತ್ತಿತ್ತೇ ಎಂದು. ಸಿಕ್ಕುತ್ತಿರಲಿಲ್ಲ. ಎರಡನೆಯ ಪ್ರಶ್ನೆ, ಸಮುದ್ರ ನೋಡಿದೆಯಾ ಎಂಬುದು. ನೋಡಿದೆ. ಆದರೆ ಕೇಳುವವರು ಮನಸ್ಸಿನಲ್ಲಿಟ್ಟುಕೊಂಡಿರುವ ಸಮುದ್ರ ಅದಲ್ಲ. ಆನೆ ಗಾತ್ರದ ಅಲೆ ಇಲ್ಲ, ಎದುರಿಗೆ ಬರೀ ಆಕಾಶವೂ ಇಲ್ಲ. ಸುತ್ತಲೂ ಬೆಟ್ಟ, ನಡುವೆ ಗುಡ್ಡದಂಥ ದ್ವೀಪಗಳು, ಅವುಗಳ ಸಂದಿಯಲ್ಲಿ ಸದ್ದಿಲ್ಲದ ನೀರು. ಜಪಾನಿನವರು ಅದನ್ನು ಸೆತೊ ಒಳಗಡಲು ಎನ್ನುತ್ತಾರೆ. ಅದರ ಮೇಲೆ ನಾನು ಕಳೆದದ್ದು ಎರಡು ದಿನ, ಅಷ್ಟರಲ್ಲೇ ಎರಡು ತಪ್ಪು ಮಾಡಿದೆ. ಒಂದನ್ನು ಊರಿನಲ್ಲಿ ನಗುತ್ತ ಹೇಳಿಕೊಂಡಿದ್ದೇನೆ. ಇನ್ನೊಂದನ್ನು ಹೇಳಿರಲಿಲ್ಲ.

ಅವು ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮಧುಗಿರಿಯಲ್ಲಿ ಸರ್ವೇಯರ್. ಸರಪಳಿ ಹಿಡಿದು ಹೊಲ ಅಳೆಯುವವನನ್ನು ಸರ್ಕಾರ ಏನು ಕಂಡು ಆರಿಸಿತೋ, ಗದ್ದೆಗಳ ಅಳತೆ ಕಲಿಯಲು ಆರು ತಿಂಗಳು ಜಪಾನಿಗೆ ಕಳಿಸಿತು. ಅದೇ ತಂಡದಲ್ಲಿ ಪಂಪು ರಿಪೇರಿ ಕಲಿಯಲು ಬಂದವರು ಶಿರಾದ ಬಾಷಾ ಸಾಬರು. ಶಿರಾ ಮಧುಗಿರಿಗಳ ನಡುವೆ ಹಗಲೆಲ್ಲ ಬಸ್ಸು ಓಡುತ್ತದೆ, ಆದರೂ ನಾವಿಬ್ಬರೂ ಒಬ್ಬರನ್ನೊಬ್ಬರು ಮೊದಲು ಕಂಡದ್ದು ಟೋಕಿಯೊದಲ್ಲಿ.

ಒನೊಮಿಚಿ

ಜಪಾನಿನಲ್ಲಿ ಮನೆ, ಶಾಲೆ, ಕೆಲವು ಕಚೇರಿಗಳ ಒಳಗೂ ಬೂಟು ಬಿಚ್ಚಿಯೇ ಹೋಗಬೇಕು. ಐದು ತಿಂಗಳಲ್ಲಿ ಈ ಪಾಠವನ್ನು ನಾವು ಎಷ್ಟು ಚೆನ್ನಾಗಿ ಕಲಿತಿದ್ದೆವೆಂದರೆ, ಒನೊಮಿಚಿ ಬಂದರಿನ ಟಿಕೆಟ್ ಕೋಣೆಯ ಹೊರಗೂ ಬೂಟು ಬಿಚ್ಚಿಟ್ಟೆವು. ಬೇರೆ ಯಾರೂ ಬಿಚ್ಚಿರಲಿಲ್ಲ. ಗುಡಿಸುವ ಹೆಂಗಸು, ಯಾರೋ ಮರೆತು ಹೋದ ಬೂಟು ಎಂದುಕೊಂಡು ಎರಡು ಜೊತೆಯನ್ನೂ ಎತ್ತಿ ಕಪಾಟಿನಲ್ಲಿ ಭದ್ರ ಮಾಡಿದಳು. ಹುಡುಕಿ, ಕೈಸನ್ನೆ ಮಾಡಿ, ಅವಳಿಂದ ಹತ್ತು ಸಲ ಕ್ಷಮೆ ಕೇಳಿಸಿಕೊಂಡು, ಲೇಸು ಕಟ್ಟಿ ತಲೆ ಎತ್ತುವಷ್ಟರಲ್ಲಿ ನಮ್ಮ ಸ್ಟೀಮರು ಎದುರಿನ ದ್ವೀಪದ ಹಿಂದಕ್ಕೆ ತಿರುಗುತ್ತಿತ್ತು.

"ಮಸೀದಿಗೆ ಹೋದಂಗೆ ಹೋದ್ವಲ್ಲ ಸಾಹೇಬ್ರೇ, ಟಿಕೆಟ್ ತಕಳಾಕೆ!" ಎಂದರು ಬಾಷಾ. ಅವರಿಗೆ ನಗು. ನನಗೆ ಸಿಟ್ಟು, ಯಾಕೆಂದರೆ ಮೊದಲು ಬಿಚ್ಚಿದವನು ನಾನು.

ನಾವು ಹೋಗಬೇಕಾಗಿದ್ದುದು ಆಚೆ ದಡದ ಒಂದು ಊರಿಗೆ. ಅಲ್ಲಿ ಹೆಂಚು ಸುಡುತ್ತಾರೆ. ಸಮುದ್ರದಿಂದ ಬಿಡಿಸಿಕೊಂಡ ಗದ್ದೆ, ಅದರ ನೀರೆತ್ತುವ ಪಂಪು ಎರಡೂ ಅಲ್ಲಿದ್ದವು. ಬಂದರಿನ ಟೀ ಅಂಗಡಿಯ ಹೆಂಗಸು ನಮ್ಮ ಪಾಡು ನೋಡಿ, ದಡದಲ್ಲಿ ನಿಂತಿದ್ದ ಒಂದು ಮರದ ದೋಣಿಯ ಕಡೆ ಕೂಗಿದಳು. ಹೆಂಚಿನ ಭಟ್ಟಿಗಳಿಗೆ ಸೌದೆ ಒಯ್ಯುವ ದೋಣಿ ಅದು. ಎಂಜಿನ್ ಇತ್ತು, ಗಾಳಿ ಸಿಕ್ಕರೆ ಏರಿಸಲು ತೇಪೆ ಹಾಕಿದ ಹಾಯಿಯೂ ಇತ್ತು. ನಡು ಭಾಗದಲ್ಲಿ ಪೈನ್ ಸೌದೆಯನ್ನು ಹುಲ್ಲಿನ ಬಣವೆಯಷ್ಟು ಎತ್ತರಕ್ಕೆ ಒಟ್ಟಿದ್ದರು. ಚುಕ್ಕಾಣಿ ಕೋಣೆ ಅದರ ಹಿಂದೆ.

ದೋಣಿಯಲ್ಲಿದ್ದವರು ಇಬ್ಬರೇ. ಯಜಮಾನ ಮೊರಿ, ಅರವತ್ತು ದಾಟಿದವರು. ಹೆಂಡತಿ ಕಿಯೊ, ಸಣ್ಣ ಆಳು, ಬಿರುಸು ನಡಿಗೆ. ಅವರಿಗೆ ಬೇರೆ ಮನೆ ಇಲ್ಲ. ಒಲೆ, ಹಾಸಿಗೆ, ಸೇವಂತಿಗೆಯ ಕುಂಡ, ಎಲ್ಲ ದೋಣಿಯಲ್ಲೇ. ಇಬ್ಬರೂ ಆಡುತ್ತಿದ್ದುದು ದ್ವೀಪದವರ ಒರಟು ಜಪಾನಿ. ತರಬೇತಿಯಲ್ಲಿ ನಮಗೆ ಕಲಿಸಿದ ಮೆದು ಮಾತಿನ ಜಪಾನಿಗೂ ಅದಕ್ಕೂ, ರೇಡಿಯೊ ಕನ್ನಡಕ್ಕೂ ಚನ್ನರಾಯನದುರ್ಗದ ಕನ್ನಡಕ್ಕೂ ಇರುವಷ್ಟೇ ದೂರ. ಹಾಗಾಗಿ ಅವರ ಮಾತನ್ನು ಇಲ್ಲಿ ನಮ್ಮ ಕಡೆಯ ಮಾತಿಗೇ ತಂದಿದ್ದೇನೆ.

ಮೊರಿಯವರಿಗೂ ಆ ಊರಿನಲ್ಲಿ ಒಂದು ಕೆಲಸವಿತ್ತು. ಅರವತ್ತು ದಾಟಿದ ದೋಣಿ ಯಜಮಾನರು ಬಂದರು ಕಚೇರಿಗೆ ಹೋಗಿ ಕಣ್ಣು ತೋರಿಸಬೇಕು. ಪಾಸಾದರೆ ಲೈಸೆನ್ಸಿಗೆ ಮತ್ತೆ ಮೊಹರು. ಇಲ್ಲದಿದ್ದರೆ ಚುಕ್ಕಾಣಿ ಬಿಟ್ಟು ಇಳಿಯಬೇಕು. ದೋಣಿಯೇ ಮನೆಯಾದವರು ಇಳಿದು ಎಲ್ಲಿಗೆ ಹೋಗುವುದು ಎಂದು ನಾನು ಕೇಳಿದೆ.

"ಯಾಕ್ ಇಳೀಲಪ್ಪ? ನನ್ ಕಣ್ಗೇನಾಗೈತೆ?" ಎಂದರು ಮೊರಿ. "ಕುರುಶಿಮಾ ತಾವ ಒಂದು ಪೈನ್ ಮರ ಐತೆ. ಎರಡು ಮೈಲಿಯಿಂದ ಅದರ ಕೊಂಬೆ ಎಣಿಸ್ತೀನಿ, ನೋಡ್ತಿರು."

ಕಿಯೊ ಅಮ್ಮ ಅಕ್ಕಿ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

ನೀರಿನ ಮೇಲೆ

ಮೊದಲ ಒಂದು ಗಂಟೆ ನಾನು ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ. ಆಮೇಲೆ ಕೈ ತಾನಾಗಿಯೇ ಸಡಿಲವಾಯಿತು. ನೀರು ಅಷ್ಟು ಸಾಧುವಾಗಿತ್ತು.

"ಮದಲೂರು ಕೆರೆ ತುಂಬಿ ಕೋಡಿ ಬಿದ್ದಾಗ ಇಂಗೇ ಇರ್ತದೆ," ಎಂದರು ಬಾಷಾ. "ಬಿಲ್ಕುಲ್ ಇಂಗೇ. ಬರೀ ಉಪ್ಪು ಜಾಸ್ತಿ." ಅವರು ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿ ನೋಡಿದ್ದರು.

ನೀರಿನ ಮೇಲೆ ದಾರಿ ಎಲ್ಲಿದೆ ಎಂದು ನಮಗೆ ಕಾಣದು. ಮೊರಿಯವರಿಗೆ ಅದು ಸಂತೆಗೆ ಹೋಗುವ ಗಾಡಿ ಜಾಡಿನಷ್ಟು ಖಚಿತ. ಇಲ್ಲಿ ಬಂಡೆ, ಅಲ್ಲಿ ಮರಳ ದಿಬ್ಬ, ಈ ಎರಡು ದ್ವೀಪಗಳ ನಡುವೆ ಬೆಳಿಗ್ಗೆ ಹೋಗಬಹುದು, ಸಂಜೆ ಕೂಡದು. ಇದನ್ನೆಲ್ಲ ಅವರು ನಕ್ಷೆಯಲ್ಲಿ ನೋಡುತ್ತಿರಲಿಲ್ಲ, ಬೆಟ್ಟದಲ್ಲಿ ನೋಡುತ್ತಿದ್ದರು. ಹತ್ತಿರದ ಒಂದು ಗುರುತು, ದೂರದ ಒಂದು ಗುರುತು. ಎರಡೂ ಒಂದರ ಹಿಂದೊಂದು ಬಂದು ನಿಂತರೆ ದೋಣಿ ಎಲ್ಲಿದೆ ಎಂದು ತಿಳಿಯಿತು, ಅಲ್ಲಿ ತಿರುಗಿಸಬೇಕು. ಇದು ಆ ಕಡೆಯ ದೋಣಿಯವರೆಲ್ಲರ ಪದ್ಧತಿ.

ನನಗೆ ಖುಷಿಯಾಯಿತು. ಇದು ನನ್ನದೇ ಕಸುಬು. ಎರಡು ಬಾವುಟ ಒಂದೇ ಗೆರೆಗೆ ತರುವುದರಲ್ಲಿ ನನ್ನ ಅರ್ಧ ಆಯಸ್ಸು ಕಳೆದಿದೆ. ಕೊರಟಗೆರೆ ಕಡೆಯಿಂದ ಬರುವಾಗ ಚನ್ನರಾಯನದುರ್ಗದ ಪಕ್ಕದಿಂದ ಮಧುಗಿರಿ ಬೆಟ್ಟ ಇಣುಕಿದರೆ ಬಸ್ಸಿನಲ್ಲಿದ್ದವರು ಚೀಲ ಕೈಗೆ ತೆಗೆದುಕೊಳ್ಳುವುದಿಲ್ಲವೇ, ಹಾಗೆ. ಆದರೆ ನನ್ನ ಕಸುಬಿನಲ್ಲಿ ಇನ್ನೊಂದು ನಿಯಮವಿದೆ. ಇದ್ದದ್ದನ್ನು ಮಾತ್ರ ಇದೆ ಎನ್ನಬೇಕು. ಬಾಂದುಕಲ್ಲು ಬಿದ್ದುಹೋಗಿದ್ದರೆ ಬಿದ್ದುಹೋಗಿದೆ ಎಂದು ಬರೆಯಬೇಕು. ಪಾವಗಡದ ಕಡೆ ರೈತರು ಹುಣಸೆಮರದ ಹೊಲ, ಬೇವಿನಮರದ ಹೊಲ ಎಂದು ಹೆಸರು ಹೇಳುತ್ತಾರೆ. ಹೋಗಿ ನೋಡಿದರೆ ಹುಣಸೆಯೂ ಇಲ್ಲ, ಬೇವೂ ಇಲ್ಲ. ನಾನು ಹೆಸರನ್ನು ಬರೆದುಕೊಂಡು, ಷರಾ ಕಾಲಮ್ಮಿನಲ್ಲಿ 'ಮರ ಇಲ್ಲ' ಎಂದು ಸೇರಿಸುತ್ತಿದ್ದೆ. ಹಾಗೆ ಸೇರಿಸು ಎಂದು ಯಾರೂ ಹೇಳಿರಲಿಲ್ಲ.

ಸೌದೆಯ ಬಣವೆ ಅಡ್ಡವಿದ್ದುದರಿಂದ ಚುಕ್ಕಾಣಿ ಕೋಣೆಯಿಂದ ಮುಂದೆ ಕಾಣುತ್ತಿರಲಿಲ್ಲ. ಕಿಯೊ ಅಮ್ಮ ಬಣವೆಯ ನೆತ್ತಿಯಲ್ಲಿ ನಿಂತು ಕೂಗಿ ಹೇಳುತ್ತಿದ್ದರು. ದೇಗುಲದ ಮಾಡು ಬಂತು. ಕಲ್ಲುಗಣಿ ಬಂತು. ಮೊರಿ ಕೋಣೆಯಿಂದ ತಲೆ ಹೊರಗೆ ಹಾಕಿ, "ಹ್ಞೂಂ, ಕಾಣ್ತು," ಎಂದು ತಿರುಗಿಸುತ್ತಿದ್ದರು.

ಎರಡು ಕೂಗುಗಳ ನಡುವೆ ಬಿಡುವು ಸಿಕ್ಕಾಗ ಮೊರಿ ತುಟಿಯಲ್ಲೇ ಏನೋ ಗೊಣಗುತ್ತಿದ್ದರು. ಕಿವಿಗೊಟ್ಟು ಕೇಳಿದೆ. ಮೇಲೆ, ಬಲ, ಕೆಳಗೆ, ಕೆಳಗೆ, ಎಡ. ಮತ್ತೆ ಮೊದಲಿನಿಂದ. ಮೇಲೆ, ಬಲ, ಕೆಳಗೆ, ಕೆಳಗೆ, ಎಡ.

"ಸುಮ್ಕಿರಿ ಸಾಹೇಬ್ರೇ," ಎಂದು ಬಾಷಾ ನನ್ನನ್ನು ಹಿಂದಕ್ಕೆಳೆದರು. "ಜಪ ಮಾಡ್ತಾವ್ರೆ. ನಮ್ ಅಬ್ಬಾ ತಸ್ಬೀ ಮಣಿ ತಿರುಗ್ಸೋವಾಗ ಮಾತಾಡ್ಸಿದ್ರೆ ಒದೀತಿದ್ರು."

ನಾವು ದೂರ ಸರಿದು ಕುಳಿತೆವು.

ಕಾಯುವ ರೇವು

ಕುರುಶಿಮಾ ಎಂಬುದು ಆ ಒಳಗಡಲಿನ ಇಕ್ಕಟ್ಟಾದ ಬಾಗಿಲು. ಅಲ್ಲಿ ನೀರು ದಿನಕ್ಕೆ ನಾಲ್ಕು ಸಲ ದಿಕ್ಕು ಬದಲಿಸಿ, ಬೇಸಗೆಯಲ್ಲಿ ತೂಬು ಎತ್ತಿದಾಗ ನುಗ್ಗುವಂತೆ ನುಗ್ಗುತ್ತದೆ. ನೀರಿನ ಜೊತೆ ಹೋಗುವವರಿಗೆ ನಡುವಿನ ದಾರಿ, ನೀರಿಗೆ ಎದುರಾಗಿ ಹೋಗುವವರಿಗೆ ಪಡುವಣ ದಾರಿ. ಸೌದೆ ದೋಣಿಗಳು ಎದುರಾಗಿ ಹೋಗುವ ಗೋಜಿಗೇ ಹೋಗುವುದಿಲ್ಲ. ಹತ್ತಿರದ ದ್ವೀಪದ ರೇವಿನಲ್ಲಿ ಕಟ್ಟಿಕೊಂಡು, ನೀರು ತಮ್ಮ ಕಡೆಗೆ ತಿರುಗುವ ತನಕ ಕಾಯುತ್ತವೆ. ನಾವು ಅಲ್ಲಿ ತಲುಪಿದಾಗ ಮರುದಿನ ಬೆಳಗಿನ ಹತ್ತು ಗಂಟೆ ಇರಬಹುದು. ನೀರು ಕಲ್ಲಿನ ಕಟ್ಟೆಯ ಅಂಚಿಗೆ ತುಳುಕುತ್ತಿತ್ತು.

ಸುಮ್ಮನೆ ಕೂತು ಅನ್ನ ತಿಂದವನೆನ್ನಿಸಿಕೊಳ್ಳಬಾರದೆಂದು, ಹಗ್ಗ ಕಟ್ಟುವ ಕೆಲಸ ನಾನು ಮಾಡುತ್ತೇನೆ ಎಂದೆ. ಕಿಯೊ ಅಮ್ಮ ಬೇಡ ಎನ್ನುವಷ್ಟರಲ್ಲಿ ಕಟ್ಟೆಗೆ ಹಾರಿಯಾಗಿತ್ತು. ಅವರು ಒಲೆಯ ಕಡೆ ಹೋದರು. ನಾನು ಎಮ್ಮೆಯನ್ನು ಗೂಟಕ್ಕೆ ಕಟ್ಟುವ ಹಾಗೆ ಹಗ್ಗವನ್ನು ಮೋಟಾಗಿ ಹಿಡಿದು, ಎರಡು ಸುತ್ತು ಸುತ್ತಿ ಬಿಗಿದೆ. ಕೊಂಚವೂ ಅಲ್ಲಾಡದಂತೆ. ನನಗೇ ಹೆಮ್ಮೆಯಾಯಿತು. ಮುಂದಿನ ಹಗ್ಗವಾಯಿತು, ಹಿಂದಿನದನ್ನೂ ಹಾಗೇ ಕಟ್ಟಿದೆ.

ಉಂಡ ಮೇಲೆ ಮೊರಿ ದಂಪತಿ ದೋಣಿಯಲ್ಲೇ ನಿದ್ದೆ ಹೋದರು. ನಾನು, ಬಾಷಾ ದ್ವೀಪದ ಗುಡ್ಡ ಹತ್ತಿ, ಕಿತ್ತಳೆ ತೋಟದಲ್ಲಿ ಕೆಲಸ ಮಾಡುತ್ತಿದ್ದವರ ಕುತೂಹಲಕ್ಕೆ ಒಂದಿಷ್ಟು ಹೊತ್ತು ಗುರಿಯಾಗಿ, ಇಳಿದು ಬಂದಾಗ ನನಗೆ ಕಂಡದ್ದು ಇದು: ರೇವಿನಲ್ಲಿ ನೀರಿರಲಿಲ್ಲ. ಎಂದರೆ, ಇತ್ತು, ಬಹಳ ಕೆಳಗೆ. ಒಂದಾಳಿಗೂ ಹೆಚ್ಚು ಇಳಿದಿತ್ತು. ಪಾಚಿ ಹಿಡಿದ ಕಲ್ಲುಗೋಡೆ ಹೊರಗೆ ಬಿದ್ದಿತ್ತು. ನನ್ನ ಮನಸ್ಸಿಗೆ ಮೊದಲು ಬಂದದ್ದು, ಎಲ್ಲೋ ಏರಿ ಒಡೆದಿದೆ ಎಂದು. ಕೆರೆಯ ಸೀಮೆಯವನಿಗೆ ಇನ್ನೇನು ಹೊಳೆಯಬೇಕು? ಯಾರಾದರೂ ತೂಬು ಎತ್ತದೆ, ಏರಿ ಒಡೆಯದೆ ನಮ್ಮಲ್ಲಿ ನೀರು ಎಲ್ಲಿಗೂ ಹೋಗುವುದಿಲ್ಲ. ಉಬ್ಬರವಿಳಿತ ಎಂಬ ಪದವನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹಗ್ಗ ಕಟ್ಟುವಾಗ ಅದು ನೆನಪಿಗೆ ಬರಲಿಲ್ಲ.

ದೋಣಿ ನನ್ನ ಎರಡು ಹಗ್ಗಗಳಿಂದ ನೇತಾಡುತ್ತಿತ್ತು. ಒಂದು ಪಕ್ಕಕ್ಕೆ ಓರೆಯಾಗಿ, ಸೌದೆ ಒಂದೊಂದೇ ನೀರಿಗೆ ಜಾರುತ್ತಿತ್ತು. ಕಿಯೊ ಅಮ್ಮ ಮಚ್ಚು ಹಿಡಿದು ಓರೆ ಹಲಗೆಯ ಮೇಲೆ ಓಡಿ ಮುಂದಿನ ಹಗ್ಗ ಕಡಿದರು. ಹಿಂದಿನದನ್ನೂ ಕಡಿದರು. ದೋಣಿ ದೊಪ್ಪನೆ ನೀರಿಗೆ ಕೂತಿತು, ಅವರು ಸೌದೆಯ ನಡುವೆ ಬಿದ್ದರು. ನಾವು ಓಡಿ ಹೋಗುವ ಹೊತ್ತಿಗೆ ಅವರ ಕಾಲಿನ ಹರಡು ಊದಿಕೊಳ್ಳುತ್ತಿತ್ತು.

"ಏನ್ ಸಾಹೇಬ್ರೇ, ಇಂಗ್ ಮಾಡ್ಬುಟ್ರಿ," ಎಂದರು ಬಾಷಾ. ಅವರು ನಗಲಿಲ್ಲ. ಬಟ್ಟೆ ಹರಿದು ಒದ್ದೆ ಮಾಡಿ ಕಾಲಿಗೆ ಕಟ್ಟಿದವರು ಅವರೇ. ಕಿಯೊ ಅಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಕುರುಶಿಮಾ

ನೀರು ನಮಗೋಸ್ಕರ ಕಾಯುವುದಿಲ್ಲ. ಮಧ್ಯಾಹ್ನ ಅದು ತಿರುಗಿದಾಗ ಹೊರಡಲೇಬೇಕು. ಕಿಯೊ ಅಮ್ಮ ಬಣವೆ ಹತ್ತುವ ಹಾಗಿರಲಿಲ್ಲ. ಕಣ್ಣು ನೆಟ್ಟಗಿರುವ, ಗೆರೆ ನೋಡಿ ಅಭ್ಯಾಸವಿರುವ ಮನುಷ್ಯ ಎಂದರೆ ನಾನೇ.

ಅವರು ಚುಕ್ಕಾಣಿ ಕೋಣೆಯಲ್ಲಿ ಗಂಡನ ಕಾಲ ಬಳಿ ಮಲಗಿದ್ದರು. ನನ್ನ ತೋಳು ಹಿಡಿದು ಬಗ್ಗಿಸಿಕೊಂಡು ಹೇಳಿದರು: "ಮುಂದೆ ಒಂದು ಚಿಕ್ ದ್ವೀಪ ಬತ್ತದೆ. ಅದರ ಹಿಂದೆ ದೂರ್ದಾಗೆ ಒಂದು ಬೆಟ್ಟ, ನೆತ್ತೀಲಿ ಕಚ್ಚು ಇರ್ತದೆ. ಆ ಚಿಕ್ ದ್ವೀಪದ ಮ್ಯಾಲೆ ನೆಟ್ಟಗೆ ಏನ್ ನಿಂತೈತೋ, ಅದು ಕಚ್ಚಿನ ಕೆಳಕ್ಕೆ ಬಂದ ಕೂಡ್ಲೇ 'ಮರ ಬಂತು' ಅನ್ನು. ಅಷ್ಟೇ ಅನ್ನು. ಬ್ಯಾರೆ ಏನೂ ಅನ್ಬ್ಯಾಡ." ಹೇಳುವಾಗ ತೋಳನ್ನು ಚಿವುಟಿದರು. ನೋವಿಗೆ ಚಿವುಟಿದ್ದು ಎಂದುಕೊಂಡೆ.

ನಾನು ಬಣವೆಯ ಮೇಲೆ, ಎಂಜಿನ್ ಸದ್ದಿನಲ್ಲಿ ನನ್ನ ಕೂಗು ಕೇಳದೆಂದು ಬಾಷಾ ನಡುವೆ. ನಾನು ಅವರಿಗೆ ಕೂಗುವುದು, ಅವರು ಮೊರಿಯವರಿಗೆ. ಕುರುಶಿಮಾದ ಬಾಗಿಲೊಳಗೆ ಹೋದ ಮೇಲೆ ನೀರಿನ ಬಣ್ಣವೇ ಬೇರೆಯಾಯಿತು. ಎಸರು ಕುದಿಯುವಂತೆ ಅಲ್ಲಲ್ಲಿ ಉಕ್ಕುತ್ತಿತ್ತು, ಸುಳಿಗಳು ತಿರುಗುತ್ತಿದ್ದವು. ಬಲಗಡೆ ಬಂಡೆಗಳು ನಮ್ಮ ಪಕ್ಕದಲ್ಲೇ ಓಡುತ್ತಿದ್ದವು. ನಾವೇ ಓಡುತ್ತಿದ್ದೇವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಚಿಕ್ಕ ದ್ವೀಪ ಕಂಡಿತು. ಕಚ್ಚಿನ ಬೆಟ್ಟವೂ ಕಂಡಿತು.

"ಮರ ಬಂತಾ?" ಕೆಳಗಿನಿಂದ ಮೊರಿ ಕೇಳಿದರು.

ದ್ವೀಪವನ್ನು ನೋಡಿದೆ. ಬೋಳು ಕಲ್ಲು. ನೆತ್ತಿಯಲ್ಲಿ ಬಿಳಿ ಬಣ್ಣ ಬಳಿದ ಒಂದು ಕಂಬ, ಅದರ ಬುಡದಲ್ಲಿ ಯಾವುದೋ ಕಾಲದ ಮರದ ಮೊಂಡು ಬೊಡ್ಡೆ. ಕಂಬ ಕಚ್ಚಿನ ಕೆಳಗೆ ಬರುತ್ತಿತ್ತು. ಮರ ಎಲ್ಲಿ? ನಾನು ಬೇರೆ ದ್ವೀಪ ನೋಡುತ್ತಿದ್ದೇನೆಯೇ?

"ಮರ ಬಂತಾ?"

"ಮರ ಇಲ್ಲ!" ಎಂದು ಕೂಗಿದೆ. "ಕಂಬ ಇದೆ! ಬಿಳಿ ಕಂಬ! ಮರ ಇಲ್ಲ!"

ಬಾಷಾ ಅದನ್ನು ಹಾಗೆಯೇ ಒಪ್ಪಿಸಿದರು. ದೋಣಿ ತಿರುಗಲಿಲ್ಲ. ಎದುರಿಗೆ ನೀರು ನೊರೆಯಾಗಿ ಒಡೆಯುವ ಒಂದು ಸಾಲು, ಅದರ ಒಳಗೆ ಕಪ್ಪು ಬಂಡೆ. ಸತ್ತೆ ಎಂದುಕೊಂಡೆ, ಈಜು ಬರದವನು.

ಆಗ ಕೋಣೆಯ ಬಾಗಿಲಿನಿಂದ ಕಿಯೊ ಅಮ್ಮನ ದನಿ. ತೆವಳಿಕೊಂಡು ಹೊಸ್ತಿಲಿಗೆ ಬಂದಿದ್ದರು. "ಮರ ಬಂತು! ತಿರುಗ್ಸಿ! ಮರ ಬಂತು!"

ಮೊರಿ ತಿರುಗಿಸಿದರು. ಒಂದು ಕ್ಷಣವೂ ತಡೆಯಲಿಲ್ಲ, ಕೇಳಲಿಲ್ಲ, ತಲೆ ಹೊರಗೆ ಹಾಕಿ ನೋಡಲೂ ಇಲ್ಲ. ಬಂಡೆ ಎಡಕ್ಕೆ ಜಾರಿತು. ಕಾಲು ಗಂಟೆಯಲ್ಲಿ ನಾವು ಮತ್ತೆ ಮದಲೂರು ಕೆರೆಯಂಥ ನೀರಿನ ಮೇಲಿದ್ದೆವು.

ಅಲ್ಲಿ ಅವರು ಎಂಜಿನ್ ನಿಲ್ಲಿಸಿದರು. ನಾನು ಬಣವೆಯಿಂದ ಇಳಿದು ಬಂದಾಗ ಮೊರಿ ಚುಕ್ಕಾಣಿಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದರು. ಅವರ ಕಣ್ಣನ್ನು ಆಗ ಹತ್ತಿರದಿಂದ ನೋಡಿದೆ. ಎರಡರ ಮೇಲೂ ಹಾಲಿನ ಕೆನೆಯಂಥ ಪೊರೆ.

"ಯಾವಾಗ ಬಿತ್ತು?" ಎಂದು ಹೆಂಡತಿಯನ್ನು ಕೇಳಿದರು.

"ನಾಕ್ ವರ್ಸ ಆಯ್ತು. ಆ ದೊಡ್ ಬಿರುಗಾಳೀಲಿ."

"ಮತ್ತೆ ಪ್ರತಿ ಸಲ ಮರ ಬಂತು ಅಂತಿದ್ದಲ್ಲೇ?"

"ನೀವು ಪ್ರತಿ ಸಲ ಕಾಣ್ತು ಅಂತಿದ್ರಲ್ಲ."

ಮೊರಿ ಬಗ್ಗಿ, ಕೈಯಲ್ಲಿ ತಡವಿ, ಹೆಂಡತಿಯನ್ನು ಎತ್ತಿ ಗೋಡೆಗೆ ಒರಗಿಸಿ ಕೂರಿಸಿದರು. ಆಮೇಲೆ ಎಂಜಿನ್ ಚಾಲೂ ಮಾಡಿದರು.

ಬಾಷಾ ನನ್ನ ಪಕ್ಕ ಬಂದು ಕೂತರು. "ಒಂದ್ ಸಲ 'ಬಂತು' ಅಂದಿದ್ರೆ ನಿಮ್ ಗಂಟೇನ್ ಹೋಗ್ತಿತ್ತು ಸಾಹೇಬ್ರೇ?" ಎಂದರು. ಕಾಲ ಬಳಿಯ ಸೌದೆಯೊಂದನ್ನು ಬಣವೆಗೆ ಸೇರಿಸಿ, "ನಾನೂ ಕೂಗ್ಬುಟ್ಟೆ. ನಂದೂ ತಪ್ಪೈತೆ," ಎಂದರು.

ಹೆಂಚಿನ ಊರು

ಮರುದಿನ ಬೆಳಿಗ್ಗೆ ಬಂದರು ಕಚೇರಿಗೆ ನಾಲ್ವರೂ ಹೋದೆವು. ಬಾಷಾ ಕಿಯೊ ಅಮ್ಮನನ್ನು ತಳ್ಳುಗಾಡಿಯಲ್ಲಿ ತಂದು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಮೊರಿಯವರ ಮೊಣಕೈ ಹಿಡಿದು ಒಳಗೆ ಹೋದವನು ನಾನು. ಇಲ್ಲಿ ಬೂಟು ಬಿಚ್ಚಬೇಕೋ ಬೇಡವೋ ಎಂದು ಬಾಗಿಲಲ್ಲಿ ನಿಂತು ಮೊದಲು ನೋಡಿಕೊಂಡೆ.

ಗೋಡೆಯ ಮೇಲೆ ಒಂದು ಹಾಳೆ. ಅದರಲ್ಲಿ ಅಕ್ಷರಗಳಿಲ್ಲ, ಒಂದು ಕಡೆ ಒಡೆದ ಬಳೆಗಳ ಚಿತ್ರ. ಮೇಲಿನದು ದೊಡ್ಡದು, ಕೆಳಗೆ ಹೋದಂತೆ ಚಿಕ್ಕದು. ಅಧಿಕಾರಿ ಕೋಲಿನಲ್ಲಿ ತೋರಿಸಿದ ಬಳೆ ಯಾವ ಕಡೆಗೆ ಒಡೆದಿದೆ ಎಂದು ಹೇಳಬೇಕು. ನಾನು ಸುಮ್ಮನೆ ಓದಿಕೊಂಡೆ. ಮೊದಲನೆಯದು ಮೇಲೆ. ಎರಡನೆಯದು ಬಲ. ಕೆಳಗೆ, ಕೆಳಗೆ, ಎಡ.

ಅದು ಜಪವಾಗಿರಲಿಲ್ಲ. ಕಿಯೊ ಅಮ್ಮ ಯಾವಾಗಲೋ ಈ ಕಚೇರಿಗೆ ಬಂದು ನೋಡಿಕೊಂಡು ಹೋಗಿ ಗಂಡನಿಗೆ ಕಲಿಸಿದ್ದ ಪಾಠ. ಕಿಟಕಿಯಾಚೆ ಬೆಂಚಿನ ಮೇಲೆ ಅವರ ತುಟಿ ಅಲ್ಲಾಡುತ್ತಿತ್ತು.

ಅಧಿಕಾರಿ ತರುಣ, ಬಹಳ ವಿನಯದವನು. ನಮಸ್ಕರಿಸಿ, ಮೊದಲ ಬಳೆಗೆ ಕೋಲು ಇಟ್ಟು, "ಇದು?" ಎಂದ.

ಒಂದೇ ಒಂದು ಪದ ಹೇಳಿದ್ದರೆ ಸಾಕಿತ್ತು. ನಾನಂತೂ, ಹೇಳಲಿ, ಸುಳ್ಳಾದರೂ ಹೇಳಲಿ ಎಂದು ಬೇಡಿಕೊಂಡೆ. ಹಿಂದಿನ ದಿನ ಮರ ಇಲ್ಲ ಎಂದು ಅರಚಿದ ಅದೇ ನಾನು.

"ಕಾಣ್ತಿಲ್ಲ," ಎಂದರು ಮೊರಿ.

ಅಧಿಕಾರಿ ಕೋಲನ್ನು ಹಾಳೆಗೆ ತಟ್ಟಿ ಸದ್ದು ಮಾಡಿದ. "ಇದು ಎಲ್ಲಕ್ಕಿಂತ ದೊಡ್ಡದು, ಅಜ್ಜ."

"ಅದೂ ಕಾಣ್ತಿಲ್ಲಪ್ಪ. ಹಾಳೇನೂ ಕಾಣ್ತಿಲ್ಲ, ನಿನ್ ಮುಖಾನೂ ಕಾಣ್ತಿಲ್ಲ."

ಅವನು ಕೋಲು ಕೆಳಗಿಟ್ಟು ಸೊಂಟ ಬಗ್ಗಿಸಿ ಬಹಳ ಹೊತ್ತು ನಮಸ್ಕಾರ ಮಾಡಿದ. ಅದು ಮೊರಿಯವರಿಗೆ ಕಾಣದು ಎಂದು ಅವನಿಗೆ ಗೊತ್ತಿತ್ತು. ಲೈಸೆನ್ಸು ಮೇಜಿನ ಮೇಲೆಯೇ ಉಳಿಯಿತು. ನನಗೆ ಅಳು ಬಂತು, ಪರದೇಶದ ಕಚೇರಿಯಲ್ಲಿ ನಿಂತು ಅತ್ತೆ.

ಹೊರಗೆ ಬಂದಾಗ ಕಿಯೊ ಅಮ್ಮ ಮುಖ ನೋಡಿಯೇ ತಿಳಿದುಕೊಂಡರು. "ಯಾಕಂಗಂದ್ರಿ? ಬಾಯಿಪಾಠ ಬಂದಿತ್ತಲ್ಲ ನಿಮ್ಗೆ?"

"ಬಂದಿತ್ತು," ಎಂದರು ಮೊರಿ. "ಆ ಮರಾನೂ ನಂಗೆ ಬಾಯಿಪಾಠ ಬಂದಿತ್ತು."

ನಾವು ಗದ್ದೆ ಮತ್ತು ಪಂಪು ನೋಡಿದೆವು. ವರದಿಯಲ್ಲಿ ಅವುಗಳ ಬಗ್ಗೆ ಎಂಟು ಪುಟ ಬರೆದೆ.

ಶಿರಾ, ಪಾವಗಡ

ಊರಿಗೆ ಬಂದ ಮೇಲೆ ಒಂದೂವರೆ ವರ್ಷಕ್ಕೆ ಜಪಾನಿನಿಂದ ಹೊಸ ವರ್ಷದ ಕಾರ್ಡು ಬಂತು. ಒನೊಮಿಚಿಯ ಟೀ ಅಂಗಡಿಯವಳ ಕೈಯಲ್ಲಿ ಕಿಯೊ ಅಮ್ಮ ಬರೆಸಿದ್ದು. ನಾನು ಅದನ್ನು ಹಿಡಿದು ಶಿರಾಕ್ಕೆ ಹೋದೆ. ಬಾಷಾ ಸಾಬರ ಪಂಪಿನ ಶೆಡ್ಡಿನಲ್ಲಿ, ನಿಘಂಟು ಮುಂದಿಟ್ಟುಕೊಂಡು ಇಬ್ಬರೂ ಒಂದು ಮಧ್ಯಾಹ್ನ ಓದಿದೆವು.

ಕಿಯೊ ಅಮ್ಮ ಪರೀಕ್ಷೆಗೆ ಕೂತರು. ಮೊದಲ ಸಲ ಫೇಲು, ಎರಡನೆಯ ಸಲ ಪಾಸು. ಈಗ ಲೈಸೆನ್ಸು ಅವರ ಹೆಸರಿನಲ್ಲಿ, ಚುಕ್ಕಾಣಿ ಅವರ ಕೈಯಲ್ಲಿ. ಸೌದೆಯನ್ನು ಮೊದಲಿನಷ್ಟು ಎತ್ತರ ಒಟ್ಟುವುದಿಲ್ಲ. ಮೊರಿ ಪಕ್ಕದಲ್ಲಿ ಕೂತಿರುತ್ತಾರೆ.

"ಭೇಷ್! ದೋಣಿ ಉಳೀತಲ್ಲ!" ಎಂದು ಬಾಷಾ ತೊಡೆ ತಟ್ಟಿದರು. ನನ್ನ ಎದೆಯ ಮೇಲಿನ ಕಲ್ಲೂ ಸ್ವಲ್ಪ ಸರಿಯಿತು. ಕಾರ್ಡಿನಲ್ಲಿ ಇನ್ನೂ ಎರಡು ಸಾಲು ಇದ್ದವು.

'ಕುರುಶಿಮಾದಲ್ಲಿ ಅವರು ಮೊದಲಿನ ಹಾಗೇ ಮರ ಬಂತಾ ಎಂದು ಕೇಳುತ್ತಾರೆ. ನಾನು ಈಗ ಕಂಬ ಬಂತು ಎನ್ನುತ್ತೇನೆ.'

ಬಾಷಾ ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿ ಒರೆಸಿ, ಒರೆಸುತ್ತಲೇ ಇದ್ದರು. ನನಗೆ ಸಮಾಧಾನವಾಗಬೇಕಾಗಿತ್ತು. ನಾನು ಹೇಳಿದ್ದು ಅದೇ ತಾನೇ?

ಆ ವಾರ ಪಾವಗಡದ ಗಡಿಯ ಕಡೆ ಅಳತೆ ಇತ್ತು. ಹೊಲದ ಯಜಮಾನ ತೆಲುಗು ಬೆರೆಸಿ ಮಾತಾಡುವ ಮುದುಕ. ಗಡಿಯಲ್ಲಿ ನಿಂತು ಕೈ ತೋರಿಸಿದ.

"ಇದಿ ಚಿಂತಚೆಟ್ಟು ಹೊಲ ಸಾಮೀ. ಹುಣಸೆಮರದ ಹೊಲ ಅಂತ ಬರ್ಕೊಳ್ಳಿ."

"ಮರ ಎಲ್ಲಪ್ಪ?"

"ಚೆಟ್ಟು ಯಾಡುಂದಿ ಸಾಮೀ, ಅದು ನಮ್ ತಾತನ ಕಾಲ್ದಾಗೇ ಬಿದ್ದೋಯ್ತು."

ಹೆಸರು ಬರೆದೆ. ಷರಾ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ಮುದುಕ ಬಗ್ಗಿ ನೋಡಿದ. ಓದು ಬರುವವನಲ್ಲ.

"ಬರ್ಕೊಂಡ್ರಾ ಸಾಮೀ, ಮರಾನ?"

"ಬರ್ಕೊಂಡೆ," ಎಂದು, ಷರಾ ಕಾಲಮ್ಮನ್ನು ಖಾಲಿ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದೆ.